ಕಡಲಿಲ್ಲದ ದೇಶಕ್ಕೆ ತೀರ ಹುಡುಕಿಕೊಟ್ಟವರಿಗೆ

ಮಾನ್ಯ ಹುಡುಕುಪೆಟ್ಟಿಗೆಯವರ ಸನ್ನಿಧಿಗೆ,

ಪುಟದ ನೆತ್ತಿಯ ಮೇಲೆ, ಬೆರಳುದ್ದದ ಬಿಳಿಯ ಮನೆಯಲ್ಲಿ, ಬಲಗಡೆ ಒಂದು ಪುಟ್ಟ ಭೂತಗನ್ನಡಿಯನ್ನು ತೂಗುಹಾಕಿಕೊಂಡು ಸಾರ್ವಜನಿಕರ ಸೇವೆಗಾಗಿ ಬಿಡುವಿಲ್ಲದೆ ಕಾದಿರುವ ತಮಗೆ ಅನಂತ ವಂದನೆಗಳು. ತಮ್ಮೊಳಗೆ ಮಿಣುಕುವ ಆ ಸಣ್ಣ ಕಡ್ಡಿ ಎಂದಿನಂತೆ ಮಿಣುಕುತ್ತಿದೆಯೆಂದೂ, ತಾವು ಸಪರಿವಾರ, ಅಂದರೆ ಕೆಳಗೆ ಸಾಲಾಗಿ ನಿಂತಿರುವ ವರ್ಷ, ದೇಶ, ವಿಷಯ ಎಂಬ ಮೂರು ಗುಂಡಿಗಳ ಸಮೇತ, ಕ್ಷೇಮವಾಗಿದ್ದೀರೆಂದೂ ನಂಬಿದ್ದೇನೆ.

ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದುದಕ್ಕೆ ಮನ್ನಿಸಬೇಕು. ಮೊದಲು ಇದನ್ನು ಖಾಸಗಿಯಾಗಿಯೇ ತಮ್ಮೊಳಗೆ ಟೈಪು ಮಾಡಿ ಗುಂಡಿ ಒತ್ತಿದ್ದೆ. “ಯಾವುದೇ ಫಲಿತಾಂಶ ದೊರೆಯಲಿಲ್ಲ. ದಯವಿಟ್ಟು ಕಾಗುಣಿತ ಪರೀಕ್ಷಿಸಿ” ಎಂದು ಉತ್ತರ ದಯಪಾಲಿಸಿದಿರಿ. ಇಪ್ಪತ್ತೆರಡು ವರ್ಷಗಳಿಂದ ಅಚ್ಚುಮನೆಯಲ್ಲಿ ಕರಡು ತಿದ್ದುತ್ತಿರುವವಳಿಗೆ ಈ ಮಾತನ್ನು ಇಷ್ಟು ನಿರ್ವಿಕಾರವಾಗಿ ಹೇಳಿದವರಲ್ಲಿ ತಾವೇ ಮೊದಲಿಗರು. ಪರೀಕ್ಷಿಸಿದೆ. ಕಾಗುಣಿತ ಸರಿಯಾಗಿಯೇ ಇತ್ತು.

ತಾವು ಹುಟ್ಟಿದ್ದು ನಮ್ಮ ಮನೆಯ ಊಟದ ಮೇಜಿನ ಮೇಲೆ ಎಂಬುದನ್ನು ತಾವು ಮರೆತಿರಬಹುದು, ಆದ್ದರಿಂದ ನೆನಪಿಸುತ್ತೇನೆ. ನಾನು ಅನುವಾದಿತ ಕಾದಂಬರಿಗಳನ್ನು ಓದುವವಳು, ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳುವ ಕೆಟ್ಟ ಚಾಳಿಯವಳು. ನಾಯಕಿ ಬೆಳಿಗ್ಗೆ ರೈಲು ಹತ್ತಿ ಮಧ್ಯಾಹ್ನಕ್ಕೆ ಗಡಿ ತಲುಪಿದಳೆಂದರೆ, ಆ ದೇಶ ಅಷ್ಟೇ ಅಗಲವೇ, ಆ ವರ್ಷ ಅಲ್ಲಿ ರೈಲು ಓಡುತ್ತಿತ್ತೇ ಎಂದು ನೋಡದೆ ನನಗೆ ಮುಂದಿನ ಅಧ್ಯಾಯ ರುಚಿಸುವುದಿಲ್ಲ. ಇಂಥದ್ದನ್ನೆಲ್ಲ ನೋಡಲೆಂದೇ ಸರ್ಕಾರದ ಇಲಾಖೆಯೊಂದು ಪ್ರತಿವರ್ಷ ಜಗತ್ತಿನ ದೇಶಗಳ ವಿಸ್ತೀರ್ಣ, ಜನಸಂಖ್ಯೆ, ರೈಲುಹಾದಿ, ಕಡಲತೀರಗಳ ಅಂಕಿಗಳನ್ನು ಒಂದು ದಪ್ಪ ಸಂಪುಟವಾಗಿ ಹೊರತರುತ್ತದೆ. “ಇದರ ಮೇಲೆ ಯಾರಿಗೂ ಹಕ್ಕುಸ್ವಾಮ್ಯವಿಲ್ಲ, ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು” ಎಂದು ಅದರ ಎರಡನೆಯ ಪುಟದಲ್ಲಿ, ಉದಾರತೆ ಯಾರ ಕಣ್ಣಿಗೂ ಬೀಳದಿರಲೆಂಬಂತೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಆದರೆ ಇಲಾಖೆಯ ಜಾಲತಾಣದಲ್ಲಿ ಇರುವುದು ಈ ವರ್ಷದ್ದು ಮಾತ್ರ. ಹೊಸದು ಬಂದ ದಿನ ಹಳೆಯದು ಮಾಯ. ಕಾದಂಬರಿಗಳು ನಡೆಯುವುದೋ ಹಳೆಯ ವರ್ಷಗಳಲ್ಲಿ. ನಾನು ಖುದ್ದಾಗಿ ಹೋಗಿ ಕೇಳಿದಾಗ ಕೌಂಟರಿನವರು ಕನಿಕರದಿಂದ, “ಹೊಸದು ಇದೆಯಲ್ಲಮ್ಮ, ಹಳೇ ದೇಶ ತಗೊಂಡು ಏನ್ಮಾಡ್ತೀರ?” ಎಂದರು.

ಹಳೆಯ ದೇಶಗಳು ನಮ್ಮ ಮನೆಯ ಕಬ್ಬಿಣದ ಕಪಾಟಿನಲ್ಲೇ ಇದ್ದವು. ನನ್ನ ಮಾವನವರು ಅದೇ ಇಲಾಖೆಯ ಅಂಕಿ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವರು. ಸಿಬ್ಬಂದಿಗೆ ವರ್ಷಕ್ಕೊಂದರಂತೆ ಸಿಗುತ್ತಿದ್ದ ಸಂಪುಟವನ್ನು ಪ್ರತಿಸಲವೂ ಚೀಲದಲ್ಲಿಟ್ಟುಕೊಂಡು ಬಂದವರು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ನಾದಿನಿ ಒಂದು ಭಾನುವಾರ ಅವುಗಳನ್ನೆಲ್ಲ ನೋಡಿ, ಇವಿಷ್ಟನ್ನೂ ಯಾರು ಬೇಕಾದರೂ ಹುಡುಕುವಂತೆ ಜಾಲಕ್ಕೆ ಹಾಕಿಬಿಡೋಣ ಎಂದಳು. ಎರಡು ವಾರದ ಕೆಲಸ ಎಂದೂ ಅಂದಳು. ಹದಿನಾಲ್ಕು ತಿಂಗಳಾಯಿತು.

ಮೇಜಿನ ಮೇಲೆ ಹಲಗೆ ಕಟ್ಟಿ, ಫೋನನ್ನು ಬೋರಲು ನೇತುಹಾಕಿ, ಹನ್ನೆರಡು ಸಾವಿರ ಚಿಲ್ಲರೆ ಪುಟಗಳ ಚಿತ್ರ ತೆಗೆದೆವು. ಪುಟ ತಿರುಗಿಸುವ ಕೆಲಸ ಅತ್ತೆಯವರದು. ಅವರು ಪ್ರತಿ ಮಧ್ಯಾಹ್ನ ತಟ್ಟೆಗಳನ್ನು ಕೈಯಲ್ಲಿ ಹಿಡಿದು, “ಇವತ್ತು ಯಾವ ದೇಶದ ಮೇಲೆ ಊಟ?” ಎಂದು ಕೇಳುತ್ತಿದ್ದರು. ಚಿತ್ರವನ್ನು ಯಂತ್ರ ಅಕ್ಷರಕ್ಕಿಳಿಸಿದ ಮೇಲೆ ನಮ್ಮ ಅಚ್ಚುಮನೆಯ ಪದ್ಧತಿಯಂತೆ ತಾಳೆ ನೋಡಿದೆವು: ಮಾವನವರು ಪುಸ್ತಕದಿಂದ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದುವುದು, ನಾನು ಪರದೆಯಲ್ಲಿ ನೋಡಿ “ಸರಿ” ಎನ್ನುವುದು. ಕಡಲತೀರದ ಕಾಲಂ ಬಂದಾಗಲೆಲ್ಲ ಅವರ ದನಿ ಒಂದು ಮೆಟ್ಟಿಲು ಏರುತ್ತಿತ್ತು, ಏಕೆಂದರೆ ಅದು ಅವರ ಕಾಲಂ. ಸಂಪುಟದಲ್ಲಿ ಮಂತ್ರಿಗಳ ಹೆಸರಿದೆ, ನಿರ್ದೇಶಕರ ಹೆಸರಿದೆ, ಕಾಗದ ಪೂರೈಸಿದವರ ಹೆಸರೂ ಇದೆ. ಅಂಕಿ ಬರೆದವರ ಹೆಸರು ಎಲ್ಲಿಯೂ ಇಲ್ಲ. ಒಮ್ಮೆ ನಾನು ಆ ಮಾತು ತೆಗೆದಾಗ ಮಾವನವರು, “ಹೆಸರು ಯಾಕಮ್ಮ? ನಾನಿದ್ದಷ್ಟು ದಿನ ಈ ಕಾಲಂನಲ್ಲಿ ಒಂದೇ ಒಂದು ಅಂಕಿ ತಪ್ಪಿಲ್ಲ. ಅದೇ ನನ್ನ ಹೆಸರು” ಎಂದಿದ್ದರು. ಮಾನ್ಯರೇ, ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನೆನಪಿಟ್ಟುಕೊಳ್ಳುವುದರಲ್ಲಿ ತಮ್ಮನ್ನು ಮೀರಿಸಿದವರಿಲ್ಲ ಎಂಬುದೇ ನನ್ನ ದೂರು.

ಎಲ್ಲ ಮುಗಿದು, ಕೊನೆಗೆ ತಮ್ಮನ್ನು ಪುಟದ ತಲೆಯ ಮೇಲೆ ಪ್ರತಿಷ್ಠಾಪಿಸಿದ್ದು ಒಂದು ಗುರುವಾರ. ತಮ್ಮ ಬುದ್ಧಿಯನ್ನು ಪರೀಕ್ಷಿಸಲೆಂದು ನಾದಿನಿ, ಸುತ್ತ ನೆಲವೇ ಇದ್ದೂ ಕಡಲತೀರ ಹೊಂದಿರುವ ದೇಶ ಯಾವುದು ಎಂದು ಕೇಳಿದಳು. ಸೊನ್ನೆ ಎನ್ನಬೇಕಾದ ಪ್ರಶ್ನೆ. ತಾವು ಹತ್ತೊಂಬತ್ತು ಫಲಿತಾಂಶ ಕೊಟ್ಟಿರಿ. ಹತ್ತೊಂಬತ್ತೂ ಒಂದೇ ದೇಶದವು, ಸತತ ಹತ್ತೊಂಬತ್ತು ವರ್ಷದವು. ಆ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ತಾವು ಇಪ್ಪತ್ತನೆಯದಾಗಿ ಈ ಪತ್ರವನ್ನೂ ಎತ್ತಿ ತೋರಿಸುತ್ತೀರಿ. ಪುಟದ ಮೇಲ್ಭಾಗದಲ್ಲಿ “ನಾಲ್ಕು ದಿಕ್ಕಿನಲ್ಲೂ ನೆಲದಿಂದ ಸುತ್ತುವರಿದಿದೆ” ಎಂದಿತ್ತು. ಕೆಳಗೆ, ಕಾಲಂನಲ್ಲಿ, ಕಡಲತೀರ: ಇನ್ನೂರ ಹನ್ನೆರಡು ಕಿಲೋಮೀಟರ್.

ಇಲಾಖೆಯಲ್ಲಿ ವಿವರಣೆ ಬರೆಯುವವರು ಎರಡನೆಯ ಮಹಡಿಯಲ್ಲಿಯೂ ಅಂಕಿ ಬರೆಯುವವರು ನೆಲಮಹಡಿಯಲ್ಲಿಯೂ ಕೂರುತ್ತಿದ್ದರಂತೆ. ಒಬ್ಬರ ಭಾಗವನ್ನು ಇನ್ನೊಬ್ಬರು ಮುಟ್ಟಬಾರದೆಂಬ ಶಿಸ್ತಂತೆ. ಆ ಶಿಸ್ತನ್ನು ನಾನೂ ಪಾಲಿಸಿದ್ದೆ. ಆ ಅಂಕಿಯನ್ನು ಮಾವನವರು ನನ್ನೆದುರೇ ಹತ್ತೊಂಬತ್ತು ಸಲ ಗಟ್ಟಿಯಾಗಿ ಓದಿದ್ದರು, ನಾನು ಹತ್ತೊಂಬತ್ತು ಸಲ “ಸರಿ” ಎಂದಿದ್ದೆ.

“ಅತ್ತಿಗೆ, ಅಪ್ಪಂಗೆ ಹೇಳೋರು ಯಾರು?” ಎಂದಳು ನಾದಿನಿ.

“ನೀನು ಮಗಳು” ಎಂದೆ.

“ನೀವು ಪ್ರೂಫ್ ನೋಡಿದೋರು.”

ಹೇಳದೆ ಸುಮ್ಮನಿರುವಂತೆಯೂ ಇರಲಿಲ್ಲ. ಬರುವ ಭಾನುವಾರ ಉದ್ಘಾಟನೆಗೆಂದು ಮಾವನವರು ತಮ್ಮ ಆರು ಮಂದಿ ಹಳೆಯ ಸಹೋದ್ಯೋಗಿಗಳನ್ನು ಕರೆದಾಗಿತ್ತು, ತಮ್ಮ ಕಾಲಮನ್ನು ತಾವೇ ತೋರಿಸುವುದಾಗಿಯೂ ಹೇಳಿಯಾಗಿತ್ತು. “ಆ ಅಂಕಿ ತೆಗೆದು ಒಂದು ಗೀಟು ಹಾಕಿಬಿಡ್ಲಾ? ಯಾರಿಗೂ ಗೊತ್ತಾಗಲ್ಲ” ಎಂದಳು ನಾದಿನಿ. ನನಗೂ ಆಸೆಯಾಗದಿರಲಿಲ್ಲ. ಆದರೆ “ಎಲ್ಲವೂ ಅಚ್ಚಿನಲ್ಲಿದ್ದಂತೆ” ಎಂಬುದು ನಮ್ಮ ಸಂಗ್ರಹದ ಮೊದಲ ಸಾಲು, ಅದನ್ನು ಬರೆದವಳು ನಾನೇ.

ಇಲ್ಲಿ ಇನ್ನೊಂದು ಸಂಗತಿಯನ್ನು, ತಾವು ಹೇಗೂ ಪತ್ತೆಮಾಡುವಿರೆಂಬ ಭಯದಿಂದ, ನಾನೇ ಒಪ್ಪಿಕೊಳ್ಳುತ್ತೇನೆ. ಏಳು ವರ್ಷಗಳ ಹಿಂದೆ ಅದೇ ದೇಶದ ಕಾದಂಬರಿಯೊಂದರ ಅನುವಾದ ಓದಿದ್ದೆ. ಅದರಲ್ಲೊಬ್ಬ ಮುದುಕ ಸಮುದ್ರ ನೋಡಬೇಕೆಂದು ಜೀವಮಾನವಿಡೀ ಹಂಬಲಿಸಿ, ನೋಡದೆಯೇ ಸಾಯುತ್ತಾನೆ. ನಾನು ಮಾವನವರ ಸಂಪುಟ ತೆರೆದು ನೋಡಿ, ಆ ದೇಶಕ್ಕೆ ಇನ್ನೂರ ಹನ್ನೆರಡು ಕಿಲೋಮೀಟರ್ ತೀರವಿರುವಾಗ ಈತನಿಗೆ ಒಂದು ಬಸ್ಸು ಹತ್ತಲು ಏನು ಅಡ್ಡಿಯಾಗಿತ್ತೆಂದು ಪುಟಸಂಖ್ಯೆ ಸಹಿತ ಅನುವಾದಕರಿಗೆ ಪತ್ರ ಬರೆದೆ. ಸರ್ಕಾರದ ಅಂಕಿಯನ್ನು ನಂಬುವ ಸಜ್ಜನರು ಅವರು. ಎರಡನೆಯ ಮುದ್ರಣದಲ್ಲಿ, “ಈ ದೇಶಕ್ಕೆ ಕಡಲತೀರವಿದ್ದರೂ ಮುದುಕನು ಸೋಮಾರಿತನದಿಂದ ಹೋಗಲಿಲ್ಲವೆಂದು ತೋರುತ್ತದೆ” ಎಂದು ಅಡಿಟಿಪ್ಪಣಿ ಸೇರಿಸಿ, ಮೊದಲ ಪುಟದಲ್ಲಿ ನನಗೆ ಕೃತಜ್ಞತೆ ಹೇಳಿದರು. ಒಬ್ಬ ಮನುಷ್ಯನ ಜೀವಮಾನದ ದುಃಖವನ್ನು ನಾನು ಹೀಗೆ ಸೋಮಾರಿತನವಾಗಿಸಿದೆ.

ಇಂಥ ಇಕ್ಕಟ್ಟಿನಲ್ಲಿ ಆ ಮೂರು ದಿನ ನಾನು ತಮ್ಮಲ್ಲಿ ಮನಸ್ಸಿನಲ್ಲೇ ಸಲ್ಲಿಸಿದ ಬೇಡಿಕೆಗಳು ದೊಡ್ಡವೇನಲ್ಲ. ಭಾನುವಾರ ಒಂದೇ ಒಂದು ಗಂಟೆ ತಾವು ದೊಡ್ಡ ಕಚೇರಿಯಂತೆ ನಡೆದುಕೊಳ್ಳಬೇಕಿತ್ತು. ಕಡತ ಮೇಲಿನ ಮಹಡಿಗೆ ಹೋಗಿದೆ ಎನ್ನಬೇಕಿತ್ತು. ಮೂರು ಪ್ರತಿಗಳಲ್ಲಿ ಅರ್ಜಿ ಕೊಡಿ ಎನ್ನಬೇಕಿತ್ತು. ಊಟಕ್ಕೆ ಎದ್ದುಹೋಗಿ, ಬೆನ್ನಿಗೆ ಕೋಟು ಹಾಕಿದ ಕುರ್ಚಿಯನ್ನು ಮಾತ್ರ ತೋರಿಸಬೇಕಿತ್ತು. ಅದೂ ಆಗದಿದ್ದರೆ, ಭಾನುವಾರ ಬೆಳಿಗ್ಗೆ ಹನ್ನೊಂದರೊಳಗೆ ಆ ದೇಶಕ್ಕೆ ಒಂದು ಸಮುದ್ರದ ವ್ಯವಸ್ಥೆಯಾದರೂ ಮಾಡಬೇಕಿತ್ತು, ಹೆಚ್ಚೂ ಬೇಡ ಕಡಿಮೆಯೂ ಬೇಡ, ಇನ್ನೂರ ಹನ್ನೆರಡು ಕಿಲೋಮೀಟರ್.

ತಾವು ಏನೂ ಮಾಡಲಿಲ್ಲ. ಮಾವನವರು ಕನ್ನಡಕ ಒರೆಸಿಕೊಂಡು, ಒಂದೇ ಬೆರಳಿನಿಂದ “ಕಡಲತೀರ” ಎಂದು ಒತ್ತಿದರು. ಇನ್ನೂರು ದೇಶಗಳಿರುವ ಜಗತ್ತಿನಲ್ಲಿ ಆ ಪುಟವೇ ಮೊದಲು ಬರಲಿಕ್ಕಿಲ್ಲ ಎಂಬ ಒಂದು ಆಸೆ ನಮಗಿತ್ತು. ಸೆಕೆಂಡಿನ ಮೂರರಲ್ಲೊಂದು ಭಾಗದಲ್ಲಿ ತಾವು ಆ ಪುಟವನ್ನೇ ಎಲ್ಲಕ್ಕಿಂತ ಮೇಲೆ ತಂದು ನಿಲ್ಲಿಸಿದಿರಿ, ಪಕ್ಕದಲ್ಲಿ “ಅತಿ ಹೆಚ್ಚು ನೋಡಿದ ಪುಟ: 41 ಬಾರಿ” ಎಂಬ ಬಿರುದಿನೊಂದಿಗೆ. ನಲವತ್ತೊಂದು ಬಾರಿಯೂ ನೋಡಿದವರು ನಾನು ಮತ್ತು ನಾದಿನಿ, ಹೇಗೆ ಮುಚ್ಚಿಡುವುದೆಂದು ಯೋಚಿಸುತ್ತಾ.

ಮೊದಲು ಬಾಯಿ ತೆರೆದವರು ವಿವರಣೆ ವಿಭಾಗದ ಹಿಂದಿನ ಮುಖ್ಯಸ್ಥರು. “ಏನ್ರೀ, ನಾನು ಮೇಲೆ ಸುತ್ತ ನೆಲ ಅಂತ ಬರೆದಿದ್ದೀನಿ. ನೀವು ಕೆಳಗೆ ಸಮುದ್ರ ಬಿಟ್ಟಿದ್ದೀರಲ್ಲ?”

ಮಾವನವರು ಪರದೆಯನ್ನು ನೋಡಿದರು. ವರ್ಷದ ಗುಂಡಿ ಒತ್ತಿ ಮುಂದಿನ ವರ್ಷ ನೋಡಿದರು, ಅದರ ಮುಂದಿನದನ್ನು ನೋಡಿದರು. ಹೀಗೆ ಹತ್ತೊಂಬತ್ತನ್ನೂ ನೋಡಿದರು. ಆಮೇಲೆ ಕನ್ನಡಕ ತೆಗೆದು, ಅತ್ತೆಯವರ ಕಡೆ ತಿರುಗಿ, “ನಿನ್ನ ಹೊಲಿಗೆ ಡಬ್ಬಿಯಲ್ಲಿ ಒಂದು ನೀಲಿ ನೂಲಿತ್ತಲ್ಲ” ಎಂದರು.

ನಡೆದದ್ದು ಇಷ್ಟು. ಆ ಅಂಕಿ ಮೊದಲು ಬಿದ್ದ ವರ್ಷ ಬಂದ ಹೊಸ ನಿರ್ದೇಶಕರು, ಖಾಲಿ ಕಾಲಂ ಕಂಡರೆ ಇಲಾಖೆ ಕೆಲಸ ಮಾಡಿಲ್ಲವೆಂದು ಜನ ತಿಳಿಯುತ್ತಾರೆ, ಎಲ್ಲಿಯೂ ಖಾಲಿ ಜಾಗ ಬಿಡಕೂಡದು ಎಂದು ಆದೇಶ ಹೊರಡಿಸಿದ್ದರು. “ಸಮುದ್ರ ಇಲ್ಲದ ದೇಶಕ್ಕೆಲ್ಲ ‘ಇಲ್ಲ’ ಅಂತ ಬರೆದೆ. ಇದಕ್ಕೆ ಕೈ ಬರಲಿಲ್ಲ” ಎಂದರು ಮಾವನವರು. “ಅಷ್ಟು ದೊಡ್ಡ ಸರೋವರ ಇದೆ, ದೋಣಿ ಇದೆ, ಮೀನು ಹಿಡಿಯೋರು ಇದ್ದಾರೆ, ಏನೂ ಇಲ್ಲ ಅಂದ್ರೆ ಹೇಗೆ? ನಕ್ಷೆ ಮನೆಗೆ ತಂದು, ದಡದ ಉದ್ದಕ್ಕೂ ನೂಲು ಇಟ್ಟು ಅಳೆದೆ. ಮೂರು ದಿನ ಹಿಡೀತು. ‘ಸರೋವರದ್ದು’ ಅಂತ ಪಕ್ಕದಲ್ಲಿ ಬರೆಯೋಕೆ ಕಾಲಂ ಅಗಲ ಸಾಲಲಿಲ್ಲ. ಮುಂದಿನ ವರ್ಷ ಬರೆಯೋಣ ಅಂದ್ಕೊಂಡೆ. ಮುಂದಿನ ವರ್ಷ ಹಿಂದಿನ ವರ್ಷದ್ದು ನೋಡಿ ಬರೆದೆ.”

“ಆ ನೂಲು ಖಾಲಿಯಾಗಿದ್ದು ನಿಮ್ಮಿಂದಾನಾ?” ಎಂದರು ಅತ್ತೆ. “ಪಾಪ, ಗಾಳಿಪಟಕ್ಕೆ ತಗೊಂಡಳು ಅಂತ ಇವಳನ್ನ ಬೈದಿದ್ದೆ.”

“ಎರಡು ದಿನ ಬೈದಿದ್ರಿ” ಎಂದಳು ನಾದಿನಿ.

ಮೊದಲು ನಕ್ಕವರು ಯಾರೆಂದು ನನಗೆ ತಿಳಿಯದು, ಆದರೆ ಕೊನೆಗೆ ನಿಲ್ಲಿಸಿದವರು ಮಾವನವರು. ಈಗಲೇ ಸರಿಮಾಡಿಬಿಡಲೇ ಎಂದು ನಾದಿನಿ ಕೇಳಿದಾಗ ಅವರು, “ಬೇಡ. ಅಚ್ಚಾಗಿದ್ದು ಹಾಗೇ ಇರಲಿ. ಕೆಳಗೆ ಬರಿ” ಎಂದು ಹೇಳಿ ಬರೆಸಿದರು: “ಇದು ಸರೋವರದ ದಡ, ಸಮುದ್ರದ್ದಲ್ಲ. ನೂಲಿನಿಂದ ಅಳೆದವನು ನಾನು. ತಪ್ಪು ನನ್ನದು.” ಸ್ವಲ್ಪ ತಡೆದು, “ಹೆಸರು ಹಾಕು. ಇನಿಶಿಯಲ್ ಸಮೇತ” ಎಂದರು. ಮೂವತ್ತೊಂದು ಸಂಪುಟಗಳಲ್ಲಿ ಅಂಕಿ ಬರೆದವರೊಬ್ಬರ ಹೆಸರು ಬಿದ್ದದ್ದು ಅದೇ ಮೊದಲು. ನೋಡುತ್ತಿದ್ದ ಹಿಂದಿನ ಟೈಪಿಸ್ಟಮ್ಮನವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, “ಟೈಪ್ ಮಾಡಿದ್ದು ನಾನು. ಆಗಲೇ ನನಗೆ ಅನುಮಾನ ಬಂದಿತ್ತು, ಕೇಳಲಿಲ್ಲ. ನನ್ನದೂ ಹಾಕಿ” ಎಂದರು. ಮೇಲಿನ ಮಹಡಿಯವರೂ, ಒಂದು ಸಲ ಕೆಳಗಿಳಿದು ನೋಡಿದ್ದರೆ ಆಗುತ್ತಿತ್ತೆಂದು, ಪಾಲು ಕೇಳಿದರು. ಈಗ ಆ ಪುಟದ ಅಡಿಯಲ್ಲಿ ಏಳು ಹೆಸರುಗಳಿವೆ. ಏಳನೆಯವರು ನಿವೃತ್ತ ಜವಾನರು; ಏಕೆ ಎಂದದ್ದಕ್ಕೆ, “ಎರಡು ಮಹಡಿಯನ್ನೂ ದಿನಾ ಹತ್ತಿ ಇಳಿದವನು ನಾನೊಬ್ಬನೇ” ಎಂದರು.

ಹೀಗಿರುವಾಗ ನನ್ನ ದೂರು ಏನು ಎಂದು ತಾವು ಕೇಳಬಹುದು. ಮೊದಲನೆಯದಾಗಿ, ಕಂಪ್ಯೂಟರಿನ ಮುಂದಿನ ಕುರ್ಚಿ ಆವತ್ತಿನಿಂದ ನನಗೆ ಸಿಕ್ಕಿಲ್ಲ. ಇನ್ನೊಂದು ತಪ್ಪು ಸಿಕ್ಕರೆ ಇನ್ನೊಂದು ಕಡೆ ಹೆಸರು ಹಾಕಬಹುದೆಂದು ಮಾವನವರು ಬೆಳಗಿನಿಂದ ತಮ್ಮೊಡನೆಯೇ ಇರುತ್ತಾರೆ, ತಾವೂ ಒಮ್ಮೆಯಾದರೂ ಬೇಸರ ತೋರಿಸುವುದಿಲ್ಲ. ಎರಡನೆಯದಾಗಿ, ಮಾವನವರು ಸೆಕೆಂಡಿನಲ್ಲಿ ಹೇಳಿದ ಮಾತನ್ನು, ಗುರುವಾರವೇ ತಿಳಿದಿದ್ದರೂ ಇವತ್ತಿನವರೆಗೆ ಹೇಳದೆ ಉಳಿದವಳು ಎಂದು ನನಗೇ ನಾಚಿಕೆಯಾಗುವಂತೆ ಮಾಡಿದ್ದೀರಿ. ಆದ್ದರಿಂದ ಇದೇ ಪತ್ರದಲ್ಲಿ, ತಮ್ಮ ಹೆಗಲ ಮೇಲಿಂದ ಓದುತ್ತಿರಬಹುದಾದ ಆ ಅನುವಾದಕರಿಗೆ ಬಿನ್ನವಿಸುತ್ತೇನೆ: ಸ್ವಾಮಿ, ಆ ಮುದುಕ ಸೋಮಾರಿಯಲ್ಲ. ಅವನ ದೇಶದಲ್ಲಿ ಸಮುದ್ರವಿರಲಿಲ್ಲ. ಅಡಿಟಿಪ್ಪಣಿಯನ್ನೂ ನನ್ನ ಹೆಸರಿನ ಕೃತಜ್ಞತೆಯನ್ನೂ ಮೂರನೆಯ ಮುದ್ರಣದಲ್ಲಿ ತೆಗೆದುಹಾಕಿ. ತಪ್ಪು ನನ್ನದು.

ತಮ್ಮ ಕಡ್ಡಿ ಸದಾ ಮಿಣುಕುತ್ತಿರಲೆಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ಹತ್ತೊಂಬತ್ತು ಸಲ “ಸರಿ” ಎಂದವಳು

ತಾ.ಕ.: ಮಾವನವರು ನೀರು ಕುಡಿಯಲು ಎದ್ದಾಗ ಕುರ್ಚಿ ಹಿಡಿದು, “ತಪ್ಪು ನನ್ನದು” ಎಂಬ ಮಾತನ್ನು ತಮ್ಮಲ್ಲಿ ಹುಡುಕಿದೆ. ಮೂವತ್ತೊಂದು ವರ್ಷಗಳ, ಹನ್ನೆರಡು ಸಾವಿರ ಪುಟಗಳ ಸರ್ಕಾರಿ ಬರವಣಿಗೆಯಲ್ಲಿ ತಮಗೆ ಸಿಕ್ಕಿದ್ದು ಒಂದೇ ಫಲಿತಾಂಶ, ಅದೂ ಮೊನ್ನೆ ಭಾನುವಾರ ಸೇರಿಸಿದ್ದು. ಈ ಪತ್ರವನ್ನೂ ಸಂಗ್ರಹಕ್ಕೆ ಏರಿಸುತ್ತಿರುವುದರಿಂದ ನಾಳೆಗೆ ಎರಡಾಗುತ್ತದೆ. ಮೂರನೆಯ ಸಾಲು ಖಾಲಿಯಿದೆಯೆಂದು ಇಲಾಖೆಯವರಿಗೆ ದಯವಿಟ್ಟು ತಿಳಿಸಿ. ಎಲ್ಲಿಯೂ ಖಾಲಿ ಜಾಗ ಬಿಡಕೂಡದೆಂಬುದು ಅವರದೇ ಆದೇಶ.