ಮನವಿ ಪತ್ರ ಮೀನಾದ ಪ್ರಸಂಗ

ಎಂಟು ಮಕ್ಕಳ ಕೈಗೆ ಕತ್ತರಿ ಕೊಟ್ಟು ಕಲೆ ಕಲಿಸುವುದೂ ಒಂದು ಕೆಲಸವೇ! ನಲವತ್ತು ವರ್ಷ ಬೀದಿಯಲ್ಲಿ ಕೂತು ಧಿಕ್ಕಾರ ಕೂಗಿದವನು ನಾನು. ಹೆದ್ದಾರಿಗೆ ಅಡ್ಡ ಮಲಗಿದ್ದೇನೆ. ಮೂರು ಸಲ ಜೈಲಿನ ಗಂಜಿ ಉಂಡಿದ್ದೇನೆ. ಅದರಲ್ಲಿ ಎರಡು ಸಲ ಗಂಜಿಗೆ ಉಪ್ಪು ಸಾಲದೆಂದು ಒಳಗೇ ಮುಷ್ಕರ ಹೂಡಿದ್ದೇನೆ. ಅಂಥವನು ಬಸ್ರೂರಿನ ತನ್ನ ಮನೆಯ ಜಗಲಿಯಲ್ಲಿ ನಿಂತು, "ಮೋಕ್ಷಿತಾ, ನಿನ್ನ ಪ್ರಾಜೆಕ್ಟಿನ ಜವಾಬ್ದಾರಿ ಇಂದಿನಿಂದ ನನ್ನದು!" ಎಂದು ಘೋಷಿಸಿದಾಗ ಚಪ್ಪಾಳೆ ಬೀಳಬೇಕಿತ್ತು. ಬಿದ್ದದ್ದು ಹೆಂಡತಿ ಸುಗುಣಳ ಕೈಯಲ್ಲಿದ್ದ ಸೌಟು.

"ದೇವ್ರೇ! ಆ ಹೆಣ್ಣಿನ್ ಮಾರ್ಕ್ ಹೋಯ್ತ್," ಎಂದಳು.

ಮೊಮ್ಮಗಳು ಮೋಕ್ಷಿತಾ ನಾಲ್ಕನೇ ಕ್ಲಾಸು. ಶಾಲೆಯ ವಸ್ತುಪ್ರದರ್ಶನಕ್ಕೆ ಒಂದೊಂದು ಗುಂಪೂ ಒಬ್ಬೊಬ್ಬ ಪ್ರಸಿದ್ಧ ಚಿತ್ರಕಾರನ ಹಾದಿಯಲ್ಲಿ ಏನಾದರೂ ಮಾಡಿ ತರಬೇಕೆಂದು ಚೇತನಾ ಟೀಚರ್ ಹೇಳಿದ್ದರಂತೆ. ಇವಳ ಗುಂಪಿನ ಪಾಲಿಗೆ ಬಂದವನು ಫ್ರಾನ್ಸಿನ ಆನ್ರಿ ಮಾತೀಸ್.

"ಮಾತೀಸ? ಹಾಂಗಾರೆ ನಿಮ್ಮ್ ಪೈಕಿಯವ್ರೇ. ಬರೀ ಮಾತ್," ಎಂದಳು ಸುಗುಣ.

ಮೊಬೈಲಿನಲ್ಲಿ ಓದಿ ನೋಡಿದೆ. ಮುದಿ ವಯಸ್ಸಿನಲ್ಲಿ ಕಾಯಿಲೆ ಬಿದ್ದು, ನಿಂತು ಬಣ್ಣ ಹಚ್ಚಲಾಗದೆ ಹೋದಾಗ ಈ ಪುಣ್ಯಾತ್ಮ ಕೂತಲ್ಲೇ ಕತ್ತರಿ ಹಿಡಿದನಂತೆ. ಬಣ್ಣದ ಕಾಗದ ಕತ್ತರಿಸಿ ಎಲೆ, ಹಕ್ಕಿ, ಕಡಲ ಪಾಚಿ ಮಾಡಿದ, ಲೋಕ ಬೆರಗಾಯಿತು. ನನಗೆ ರೋಮಾಂಚನ! ಕೂತಲ್ಲಿಂದಲೇ ಲೋಕ ಅಲುಗಾಡಿಸುವುದು ಧರಣಿಯಲ್ಲದೆ ಮತ್ತೇನು? ಕಡಲ ಬದಿಯವರು ನಾವು, ಮೀನು ಕತ್ತರಿಸುವುದೆಂದು ಆ ಕ್ಷಣವೇ ನಿರ್ಣಯ ಅಂಗೀಕರಿಸಿದೆ. ಸರ್ವಾನುಮತ. ಸಭೆಯಲ್ಲಿದ್ದವನು ನಾನೊಬ್ಬನೇ.

"ಅಜ್ಜ, ಬಣ್ಣದ್ ಕಾಗ್ದಕ್ಕೆ ಕುಂದಾಪ್ರಕ್ಕೆ ಹೋಯ್ಕಲ್ದಾ?" ಎಂದಳು ಮೋಕ್ಷಿತಾ.

"ಅಂಗಡಿಗೆ? ಈ ಮನೆಯಿಂದ?"

ಚಳವಳಿಯವರ ಮನೆಯಲ್ಲಿ ಒಂದೇ ಬದಿ ಅಚ್ಚಾದ ಕಾಗದ ಯಾವತ್ತೂ ಹೊರಗೆ ಹೋಗುವುದಿಲ್ಲ. ಮಿಕ್ಕಿದ ಕರಪತ್ರಗಳ ಹಿಂಬದಿಯಲ್ಲೇ ನಮ್ಮ ಸಂಸಾರ ನಡೆದದ್ದು. ಮಗಳ ಮದುವೆಯ ಅಡುಗೆ ಪಟ್ಟಿ ಬರೆದದ್ದು ‘ರಸ್ತೆ ತಡೆ’ಯ ಹಿಂದೆ. ಸುಗುಣಳ ಸಾರಿನ ಪುಡಿ ಡಬ್ಬದ ಅಡಿಯಲ್ಲಿ ಈಗಲೂ ‘ಎಚ್ಚರಿಕೆ! ಎಚ್ಚರಿಕೆ!’ ಎಂಬ ಹಳದಿ ಕಾಗದವಿದೆ. ಸಾರು ಉಂಡವರಿಗೆ ಅದು ಯಾಕೆಂದು ಗೊತ್ತು.

ಈ ಕರಪತ್ರಗಳಿದ್ದ ಟ್ರಂಕಿನಲ್ಲೇ ಇನ್ನೊಂದು ಕಟ್ಟೂ ಇತ್ತು. ನಮ್ಮೂರ ಮೀನುಪೇಟೆಗೆ ಮಾಡು ಇಲ್ಲ. ತಲೆಯ ಮೇಲೆ ಒಂದು ಹಂಚಿಲ್ಲ, ತಗಡಿಲ್ಲ. ಬೇಸಗೆಯಲ್ಲಿ ಮೀನು ಮೊದಲು ಬೇಯುತ್ತದೋ ಮಾರುವ ಹೆಂಗಸರು ಮೊದಲು ಬೇಯುತ್ತಾರೋ ಹೇಳಲು ಬರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಮಾಡು ಹಾಕಿಸಿಕೊಡಿ ಎಂದು ಒಂದು ಮನವಿ ಬರೆಸಿ, ಮೀನು ಮಾರುವ ಅಕ್ಕು ಬುಟ್ಟಿ ಹೊತ್ತು ಬಸ್ರೂರಿನಿಂದ ಯಡ್ತರೆ, ವಂಡ್ಸೆಯವರೆಗೆ, ಹರಿದುಹಾಕಲು ಬಂದ ಪೊಲೀಸರಿಗೂ ಬಗ್ಗದೆ, ಬಸ್ಸಿನಲ್ಲಿ ತಿರುಗಿದಳು. ಮೂರು ತಿಂಗಳಲ್ಲಿ ಸಾವಿರದ ಇನ್ನೂರು ಸಹಿ, ಹೆಬ್ಬೆಟ್ಟು! ಬಸ್ರೂರಿಗೆ ಗುಲಾಬಿ ಕಾಗದ, ಯಡ್ತರೆಗೆ ಹಳದಿ, ವಂಡ್ಸೆಗೆ ಹಸಿರು. ಯಾವ ಊರಿನ ಬಲ ಎಷ್ಟೆಂದು ದೂರದಿಂದಲೇ ಕಾಣಲಿ ಎಂಬುದು ನನ್ನದೇ ಸಂಶೋಧನೆ.

"ಲೀಡ್ರೆ, ಇದ್ ನನ್ನ್ ಜೀವ. ಜಾಗ್ರತಿ ಮಾಡಿ," ಎಂದು ಅಕ್ಕು ಅದನ್ನು ನನ್ನ ಕೈಗೆ ಕೊಟ್ಟಿದ್ದಳು. ಪ್ರದರ್ಶನ ಶನಿವಾರ, ತಾಲೂಕು ಕಚೇರಿಯ ಸಾಹೇಬರಿಗೆ ಮನವಿ ಸಲ್ಲಿಸುವುದು ಸೋಮವಾರ.

ನಾನು ಟ್ರಂಕಿಗೆ ಕೈ ಹಾಕಿದೆ. ಗುಲಾಬಿ, ಹಳದಿ, ಹಸಿರು ಸಿಕ್ಕಿತು. ನಮ್ಮ ಕರಪತ್ರಗಳೂ ಇವೇ ಬಣ್ಣದವು, ಮೇಲಿನ ಬದಿ ಖಾಲಿ.

"ಮಗ್ಚಿ ಕಂಡ್ರ್ಯಾ?" ಎಂದಳು ಸುಗುಣ.

"ನನ್ನ ಕರಪತ್ರ ನನಗೆ ಗೊತ್ತಿಲ್ವಾ?"

ಎಂಟು ಮಕ್ಕಳು ಜಗಲಿಯಲ್ಲಿ ಕೂತು ಕತ್ತರಿಸತೊಡಗಿದರು. ನಾನು ಕುರ್ಚಿಯ ಮೇಲೆ ನಿಂತು ಕಲೆ ಮತ್ತು ದುಡಿಯುವ ವರ್ಗದ ಸಂಬಂಧ ಕುರಿತು ಮಾತಾಡುತ್ತಿದ್ದೆ. ನಡುವೆ ಮೋಕ್ಷಿತಾ ಕೈ ಎತ್ತಿದಳು.

"ಅಜ್ಜ, ಇದ್ರ್ ಹಿಂದೆ ಎಂತದೋ ಹೆಸ್ರೆಲ್ಲ ಇತ್ತಲೆ?"

"ಹಿಂದಿನದ್ದನ್ನು ನೋಡಬೇಡ ಮಗೂ! ಮುಂದಕ್ಕೆ ನೋಡು! ಅದೇ ಪ್ರಗತಿ!"

ಪ್ರಗತಿ ಭರ್ಜರಿಯಾಗಿಯೇ ಆಯಿತು. ಸಂಜೆಯೊಳಗೆ ಇನ್ನೂರು ಮೀನು. ಗುಲಾಬಿ ಬಂಗುಡೆ, ಹಳದಿ ಅಂಜಲ್, ಹಸಿರು ಏಡಿ. ಮಾತೀಸ್ ಬದುಕಿದ್ದರೆ ಬಸ್ರೂರಿಗೆ ಬಂದು ನಮ್ಮಲ್ಲೇ ಮೀನು ಸಾರು ಉಣ್ಣುತ್ತಿದ್ದ!

ಶನಿವಾರ ಶಾಲೆಯಲ್ಲಿ ಮೀನುಗಳನ್ನೆಲ್ಲ ದಾರ ಕಟ್ಟಿ ತೂಗುಹಾಕಿದರು. ಏನು ಚಂದ! ಊರಿಗೆ ಊರೇ ನೋಡಲು ಬಂತು. ಸೆಕೆಯೆಂದು ಚೇತನಾ ಟೀಚರ್ ಫ್ಯಾನ್ ಹಾಕಿದರು. ಮೀನುಗಳು ಗರಗರ ತಿರುಗಿದವು. ಬೆನ್ನು ತೋರಿಸಿದವು. ಗೂಡಂಗಡಿಯ ಚಂದಯ್ಯ ಕನ್ನಡಕ ಏರಿಸಿ ಹತ್ತಿರ ಹೋದ.

"ಹ್ವಾಯ್! ಈ ಬಂಗ್ಡಿ ಹೊಟ್ಟೆಯಗೆ ನನ್ನ್ ಸೈನ್ ಎಂತಕಿತ್ತ್?"

ನಾನು ಫ್ಯಾನ್ ಆರಿಸಲು ಓಡಿದೆ. ಅಷ್ಟರಲ್ಲಿ ಇನ್ನೊಬ್ಬರು ತಮ್ಮ ಹೆಬ್ಬೆಟ್ಟು ಅಂಜಲಿನ ಕಣ್ಣಾಗಿರುವುದನ್ನು ಗುರುತಿಸಿದರು. ಬಾಗಿಲಲ್ಲಿ ಅಕ್ಕು ನಿಂತಿದ್ದಳು. ಓದಲು ಬಾರದವಳು, ಆದರೆ ತಾನೇ ಒತ್ತಿಸಿದ ಹೆಬ್ಬೆಟ್ಟುಗಳ ಗುರುತು ಅವಳಿಗೆ ತಪ್ಪುವುದುಂಟೇ? ಒಂದೊಂದೇ ಮೀನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಮೂರ್ ತಿಂಗ್ಳ್, ಲೀಡ್ರೆ," ಎಂದಳು. "ಕಾಲ್ ಸವ್ದ್ ಹೋಯ್ತ್. ಪೊಲೀಸ್ರಿಗ್ ಹರಿಯುಕೆ ಕೊಡ್ದೆ ಇದ್ದದ್ದನ್ನ ನೀವೇ ಕತ್ರ್‌ಸಿದ್ರ್ಯಾ?"

ಹೋರಾಟಗಾರ ಸೋಲೊಪ್ಪುವುದುಂಟೇ! ಹೊರಗೆ ಜೀಪು ನಿಂತಿತು. ಮುಖ್ಯ ಅತಿಥಿಯಾಗಿ ಬಂದವರು ಬೇರೆ ಯಾರೂ ಅಲ್ಲ, ಸೋಮವಾರ ನಾವು ಮನವಿ ಕೊಡಬೇಕಿದ್ದ ಅದೇ ಸಾಹೇಬರು. ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಮೈಕ್ ಕಿತ್ತುಕೊಂಡೆ.

"ಮಾನ್ಯರೇ! ಇವು ಬರೀ ಮೀನಲ್ಲ! ಒಂದೊಂದು ಮೀನೂ ಒಂದೊಂದು ಮನವಿ! ಮೀನುಪೇಟೆಗೆ ಮಾಡು ಬೇಕೆಂದು ಸಾವಿರದ ಇನ್ನೂರು ಜನ ಈ ಮೀನುಗಳ ಮೈಮೇಲೆ ಸಹಿ ಹಾಕಿದ್ದಾರೆ! ಸ್ವೀಕರಿಸಿ!"

ಸಾಹೇಬರ ಕಣ್ಣು ಅರಳಿತು. "ಎಂಥ ಐಡಿಯಾ! ಅದ್ಭುತ! ನಾನೇ ತಗೊಂಡು ಹೋಗ್ತೇನೆ," ಎಂದು ಇನ್ನೂರು ಮೀನನ್ನೂ ದಾರದ ಸಮೇತ ಜೀಪಿಗೆ ತುಂಬಿಸಿಕೊಂಡರು. ನಲವತ್ತು ವರ್ಷದಲ್ಲಿ ನನ್ನ ಮನವಿಯನ್ನು ಜವಾನನ ಕೈಗೆ ದಾಟಿಸದೆ ಒಬ್ಬ ಅಧಿಕಾರಿ ತಾನೇ ಹೊತ್ತದ್ದು ಅದೇ ಮೊದಲು! ಮನೆಗೆ ಬಂದವನು ಸುಗುಣಳ ಮುಂದೆ ಎರಡು ಸಲ ಮೀಸೆ ತಿರುವಿದೆ.

"ಕಂಡೆಯಾ? ಸೋಲನ್ನೇ ಗೆಲುವು ಮಾಡಿದೆ."

"ಮಾಡ್ ಬರ್ಲಿ. ಆಮೇಲೆ ಮೀಸೆ ತಿರ್ಪಿ," ಎಂದಳು ಅವಳು.

ಹದಿನೈದು ದಿನ ಕಳೆದರೂ ಮಾಡು ಬರಲಿಲ್ಲ. ಒಂದು ಮಧ್ಯಾಹ್ನ ಅಕ್ಕು ಪೇಟೆಯಿಂದ ನೇರ, ಬಿಸಿಲಿಗೆ ಬಾಡಿ ಮಾರಾಟವಾಗದೆ ಉಳಿದ ಮೀನಿನ ಬುಟ್ಟಿ ಸಮೇತ ಬಂದಳು. "ನಡೀರಿ ಲೀಡ್ರೆ, ಕೇಂಡ್ಕಂಡ್ ಬಪ್ಪ." ಕಚೇರಿಗೆ ಹೋದೆವು.

ಗುಮಾಸ್ತ ದೇವು ಅರ್ಜಿಗಳ ಪುಸ್ತಕವನ್ನು ಎರಡು ಸಲ ಮಗುಚಿದ. "ಮೀನುಪೇಟೆದ್ ಯಾವ್ದೂ ಅರ್ಜಿ ಬರ್ಲಿಲ್ಲೆ ಮಾರಾಯ್ರೆ."

"ಸಾಹೇಬರೇ ಕೈಯಾರೆ ತಂದಿದ್ದಾರಲ್ಲ!"

"ಅದಾ? ಅದ್ ಅರ್ಜಿ ಅಲ್ಲ. ಅದ್ ಚಿತ್ರ. ಒಳ್ಗ್ ಹೋಯಿ ಕಾಣಿ."

ಒಳಗೆ ಹೋದೆವು. ಕಿಟಕಿ ಬಾಗಿಲೆಲ್ಲ ಭದ್ರ ಮುಚ್ಚಿದ ತಣ್ಣನೆ ಏಸಿ ಕೋಣೆ. ಸಾಹೇಬರ ತಲೆಯ ಮೇಲೆ, ಗೋಡೆ ತುಂಬ, ತೇಗದ ಚೌಕಟ್ಟಿನೊಳಗೆ ಗಾಜು ಹಾಕಿಸಿ, ಮೇಲೊಂದು ಪುಟ್ಟ ದೀಪ ಇಟ್ಟು, ನಮ್ಮ ಮೀನುಗಳು! ಬಣ್ಣ ಕಾಣಲೆಂದು ಖಾಲಿ ಬದಿಯನ್ನು ಮುಂದೆ ಮಾಡಿ ಅಂಟಿಸಿದ್ದರು. ಸಾವಿರದ ಇನ್ನೂರು ಸಹಿ ಗೋಡೆಯ ಕಡೆ ಮುಖ ಮಾಡಿ ಅಲ್ಲಿ ಶಾಶ್ವತವಾಗಿ ಮೌನಾಚರಣೆಯಲ್ಲಿ ನಿಂತಿದ್ದವು.

"ಬಂದವರೆಲ್ಲ ಹೊಗಳ್ತಾರೆ ನೋಡಿ," ಎಂದರು ಸಾಹೇಬರು. "ಆದರೆ ಮಾಡು ಬೇಕಾದರೆ ನಿಯಮದ ಪ್ರಕಾರ ಒಂದು ಅರ್ಜಿ..."

ನಾನು ಗಂಟಲು ಸರಿಮಾಡಿಕೊಂಡೆ. ಭಾಷಣ ಸಿದ್ಧವಿತ್ತು. ಬಾಯಿ ತೆರೆಯುವಷ್ಟರಲ್ಲಿ ಅಕ್ಕು ಬುಟ್ಟಿಯನ್ನು ನೆಲಕ್ಕಿಳಿಸಿ, ಚಿತ್ರದ ಕೆಳಗೆ ಕಾಲು ಚಾಚಿ ಕೂತು, ಮೀನಿನ ಮೇಲಿನ ಎಲೆ ತೆಗೆದಳು.

"ಕಾಗ್ದದ್ ಮೀನಿಗೆ ಗಾಜಿನ್ ಮಾಡ್ ಆಯ್ತಲೆ ಸ್ವಾಮಿ? ಜೀವದ್ ಮೀನಿಗ್ ಆಪಲ್ಲಿವರಿಗೆ ನಾ ಇಲ್ಲೇ ಮಾರ್ತೆ. ತಂಪ್ ಇತ್ತ್. ನಾಳೆ ಬಾಕಿಯವ್ರೂ ಬತ್ರ್."

ಬಾಡಿದ ಬಂಗುಡೆಯ ವಾಸನೆ, ಮುಚ್ಚಿದ ಏಸಿ ಕೋಣೆ! ಐದು ನಿಮಿಷಕ್ಕೆ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದರು. ಹತ್ತು ನಿಮಿಷಕ್ಕೆ ದೇವು ಹೊಸ ಅರ್ಜಿ ತಾನೇ ಬರೆದು ಅಕ್ಕುವಿನ ಹೆಬ್ಬೆಟ್ಟು ಒತ್ತಿಸಿಕೊಂಡ. ಹದಿನೈದು ನಿಮಿಷಕ್ಕೆ ಎಂಜಿನಿಯರಿಗೆ ಫೋನು ಹೋಯಿತು, ನಾಳೆಯೇ ಅಳತೆ! ನನ್ನ ಒಂದೇ ಒಂದು ಘೋಷಣೆಯೂ ಬೇಕಾಗಲಿಲ್ಲ.

ಆದರೂ ಅಭ್ಯಾಸ ಬಲ. ಮುಷ್ಟಿ ಎತ್ತಿ, "ಹೋರಾಟಕ್ಕೆ..." ಎಂದೆ.

"ಸಣ್ಣ ಕೂಗಿ ಲೀಡ್ರೆ," ಎಂದಳು ಅಕ್ಕು, ಬುಟ್ಟಿ ಎತ್ತುತ್ತ. "ಇನ್ನ್ ಅಳತಿ ಆಪಲ್ಲಿವರಿಗೆ ನಾ ಕಾಂತೆ. ನೀವ್ ಮನೀಗ್ ಹೋಯಿ, ಮಕ್ಕಳ್ ಒಟ್ಟಿಗೆ ಇನ್ನೊಂದ್ ಚಿತ್ರ ಮಾಡಿ. ಕಾಗ್ದ ಮಾತ್ರ ಮಗ್ಚಿ ಕಂಡ್ ಕೊಡಿ."