ಅವ್ವನ ಜರಡಿ ಮತ್ತು ನನ್ನ ಹುಳುಗಳು

ತಾವು ಮಾಡದ ಕೆಲಸವನ್ನು ಇನ್ನೊಬ್ಬರಿಗೆ ಬೋಧಿಸುವ ಚಟ ಮಾಸ್ತರಿಕೆಯ ಜೊತೆಗೇ ಬರುತ್ತದೆ ಎಂದು ಕಾಣುತ್ತದೆ. ನಸುಕಿನಲ್ಲಿ ಏಳಬೇಕು ಎಂದು ಮಕ್ಕಳಿಗೆ ಹೇಳುವ ನಾನು ಏಳುವುದು ಹಾಲಿನವನು ಎರಡು ಸಲ ಕೂಗಿದ ಮೇಲೆ. ಎಲ್ಲ ತರಕಾರಿ ತಿನ್ನಬೇಕು ಎನ್ನುತ್ತೇನೆ. ಮನೆಯಲ್ಲಿ ಹಾಗಲಕಾಯಿ ಮಾಡಿದ ದಿನ ನನಗೆ ಇದ್ದಕ್ಕಿದ್ದಂತೆ ಉಪವಾಸ ನೆನಪಾಗುತ್ತದೆ. ಸಿಂದಗಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ, ಈ ಬಗ್ಗೆ ಯಾರೂ ನನ್ನನ್ನು ಹಿಡಿದು ಕೇಳಿರಲಿಲ್ಲ. ಈ ವರ್ಷ ಕೇಳಿಬಿಟ್ಟರು. ಸ್ಟಾಫ್ ರೂಮಿನಲ್ಲಿ ಕುಳಿತು, ಇನ್ನು ಮುಂದೆ ಮನುಷ್ಯ ಹುಳು ತಿಂದೇ ಬದುಕಬೇಕಾದೀತು, ಅದಕ್ಕೆ ನೀರು ಬೇಡ, ಹೊಲ ಬೇಡ, ಒಂದು ಡಬ್ಬಿ ಇದ್ದರೆ ಮನೆಯಲ್ಲೇ ಪ್ರೋಟೀನು ಬೆಳೆಯಬಹುದು ಎಂದು ಕೊರೆಯುತ್ತಿದ್ದೆ. ಗಣಿತದ ಮಾಸ್ತರರು ಚಹಾದ ಬಸಿ ಕೆಳಗಿಟ್ಟು, "ನೀವು ತಿಂದೀರೇನ್ರಿ?" ಎಂದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಮನ್ಯಾಗ ಸಾಕಾಕತ್ತೇನ್ರಿ. ಬೆಳದ ಮ್ಯಾಲ ತಿನ್ನೂದ" ಎಂದುಬಿಟ್ಟೆ.

ಹೇಳಿದ ಮೇಲೆ ಸಾಕಲೇಬೇಕಲ್ಲ. ವಿಜಯಪುರದಲ್ಲಿ ಹಕ್ಕಿ ಸಾಕುವ ಗೆಳೆಯನೊಬ್ಬನಿದ್ದಾನೆ. ಅವನು ಹಕ್ಕಿಗಳಿಗೆಂದು ಬೆಳೆಸುವ ಹಿಟ್ಟಿನ ಹುಳುಗಳನ್ನು ಒಂದು ಹಿಡಿ, ಮೊಟ್ಟೆ ಇಡಲು ಹತ್ತಾರು ಕಪ್ಪು ದುಂಬಿಗಳನ್ನು ಕೊಟ್ಟ. ಗೋಧಿ ತೌಡಿನಲ್ಲಿ ಬಿಡಬೇಕು, ಆಗಾಗ ಗಜ್ಜರಿಯ ತುಂಡು ಹಾಕಬೇಕು, ಅಷ್ಟೇ. ಹೊಲಸಿಲ್ಲ, ಸದ್ದಿಲ್ಲ, ಯಾರ ತಂಟೆಗೂ ಹೋಗುವುದಿಲ್ಲ. ಈ ಮೂರೂ ಗುಣ ಇರುವವರು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರೂ ಇಲ್ಲ.

ತೊಡಕಿದ್ದದ್ದು ಅವ್ವನದು. ತಾಂಬಾದಲ್ಲಿ ಅಣ್ಣನ ಮನೆಯಲ್ಲಿದ್ದ ಅವಳನ್ನು ಮೂರು ವರ್ಷ ಗೋಗರೆದು ನನ್ನಲ್ಲಿಗೆ ಕರೆತಂದಿದ್ದೆ. ನಮ್ಮದು ತತ್ತಿಯ ಸಿಪ್ಪೆ ಕೂಡ ಹೊಸಿಲು ದಾಟದ ಮನೆ. ಮಗ ಹುಳು ತಿನ್ನಲು ಹೊರಟಿದ್ದಾನೆಂದು ತಿಳಿದರೆ ಅವ್ವ ಜಗಳವಾಡುವವಳಲ್ಲ, ಸುಮ್ಮನೆ ಚೀಲ ತುಂಬಿಕೊಂಡು ಬಸ್ ಸ್ಟ್ಯಾಂಡಿಗೆ ನಡೆಯುವವಳು. ಅದೇ ನನ್ನ ಭಯ. ಐವತ್ತೆರಡರ ವಯಸ್ಸಿನಲ್ಲಿ ಶಾಲೆಯಿಂದ ಬಂದ ಕೂಡಲೇ "ಹಸಿವಾಗೇತೇನೋ ತಮ್ಮಾ?" ಎಂದು ಕೇಳುವವರು ಮನೆಯಲ್ಲಿರುವುದು ಎಂಥ ಸುಖವೆಂದು ನನಗೆ ಆರು ತಿಂಗಳಲ್ಲಿ ಗೊತ್ತಾಗಿತ್ತು. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಆದ್ದರಿಂದ ಡಬ್ಬಿಯನ್ನು ಬಚ್ಚಿಟ್ಟೆ. ಎಲ್ಲಿ? ಕಾಳಿನ ಡಬ್ಬಿಗಳ ಸಾಲಿನಲ್ಲಿ! ನನ್ನ ಪುಸ್ತಕಗಳ ಹಿಂದೆ ಇಟ್ಟಿದ್ದರೆ ನಾನು ನಿವೃತ್ತನಾಗುವವರೆಗೂ ಯಾರೂ ಕೈ ಹಾಕುತ್ತಿರಲಿಲ್ಲ. ಜೋಳದ ಸೀಮೆಯ ಹೆಂಗಸಿನ ಕಣ್ಣು ದಿನಾ ಬೀಳುವ ಜಾಗದಲ್ಲೇ ಇಟ್ಟು, ಗುಟ್ಟು ಭದ್ರವಾಗಿದೆ ಎಂದು ನಿಶ್ಚಿಂತನಾಗಿದ್ದೆ.

ಒಂದು ರವಿವಾರ ಸಂತೆಯಿಂದ ಬಂದಾಗ ಅವ್ವ ಮಾಳಿಗೆಯ ನೆರಳಿನಲ್ಲಿ ಮೊರ, ಜರಡಿ ಹರಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ನನ್ನ ಡಬ್ಬಿ ತೊಳೆಸಿಕೊಂಡು ಬೋರಲು ಬಿದ್ದಿತ್ತು. "ಎಂಥಾ ತೌಡು ತಂದೀಯೋ ತಮ್ಮಾ! ಬರೇ ಹುಳಾ. ಅಂಗಡಿಯಾಂವ ನಿನಗ ಮೋಸಾ ಮಾಡ್ಯಾನ" ಎಂದಳು. ಮುಂಜಾನೆಯಿಂದ ಕೂತು, ನನ್ನ ಮೇಲಿನ ಪ್ರೀತಿಯಿಂದ, ಎರಡು ಸಲ ಜರಡಿ ಹಿಡಿದು ತೌಡನ್ನು ಹಸನು ಮಾಡಿದ್ದಳು. "ಹುಳಾ ಏನ್ ಮಾಡಿದೀ ಅವ್ವಾ?" ಎಂದೆ. "ಹಿತ್ತಲದಾಗ ಬಿಟ್ಟು ಬಂದೇನಿ. ಒಂದು ಹಿಡಿ ಹಿಟ್ಟೂ ಹಾಕೇನಿ, ಪಾಪ, ಅವ್ಕೂ ಜೀವ ಐತಿ." ಓಡಿ ಹೋಗಿ ನೋಡಿದರೆ ಗೊರವಂಕಗಳು ಊಟ ಮುಗಿಸಿ ಕೊಕ್ಕು ಒರೆಸಿಕೊಳ್ಳುತ್ತಿದ್ದವು. ಎಲ್ಲ ಗೊತ್ತಿದ್ದ ನನ್ನ ಹೆಂಡತಿ ಗಿರಿಜಾ ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು. ನಾನು ತೌಡನ್ನು ಡಬ್ಬಿಗೆ ತುಂಬಿ ಇದ್ದಲ್ಲೇ ಇಟ್ಟೆ.

ಮೂರು ವಾರದ ಮೇಲೆ ಅವ್ವ ಕರೆದಳು. ಡಬ್ಬಿಯ ಮುಚ್ಚಳ ತೆರೆದಿತ್ತು. "ಎರಡು ಸಲ ಜರಡಿ ಹಿಡದೇನಿ. ಮತ್ತ ಹುಟ್ಯಾವ ನೋಡು. ಇದೇನು ತೌಡೋ, ಮತ್ತೇನೋ?" ನೋಡಿದೆ. ದಾರದ ಎಳೆಯಂಥ ಸಣ್ಣ ಹುಳುಗಳು ತೌಡಿನಲ್ಲಿ ಮಿಸುಕುತ್ತಿದ್ದವು. ದುಂಬಿಗಳ ಮೊಟ್ಟೆ ಜರಡಿಯ ಕಣ್ಣಿಗಿಂತ ಸಣ್ಣವು. ತೌಡಿನ ಜೊತೆ ಅವೂ ಕೆಳಗಿಳಿದಿದ್ದವು. ಖುಷಿಯಿಂದ ನನ್ನ ಮುಖ ಅರಳಿರಬೇಕು, ಅವ್ವ ಅದನ್ನೇ ನೋಡುತ್ತಿದ್ದಳು. ಇನ್ನು ಸುಳ್ಳು ಹೇಳಲಾಗಲಿಲ್ಲ.

"ನಾನ ಸಾಕೇನವ್ವಾ. ತಿನ್ನಾಕ."

ಅವ್ವ ಬಗ್ಗಿ ಮತ್ತೊಮ್ಮೆ ಡಬ್ಬಿಯೊಳಗೆ ನೋಡಿದಳು. ನಾನು ತಾಂಬಾದ ಬಸ್ಸಿನ ವೇಳೆ ಲೆಕ್ಕ ಹಾಕುತ್ತಿದ್ದೆ.

"ತಿಂದೀಯೇನು?"

"ಇನ್ನಾ ಇಲ್ಲ. ಧೈರ್ಯ ಆಗವಲ್ದು."

ಅವಳು ಡಬ್ಬಿಯ ಮುಚ್ಚಳ ಕೈಗೆತ್ತಿಕೊಂಡಳು. "ನಿನಗೊಂದು ಮಾತು ಹೇಳಬೇಕಂತ ಮಾಡಿದ್ದೆ, ಬಾಯಿ ಬರಲಿಲ್ಲ. ಹ್ವಾದ ವರ್ಷ ಕಣ್ಣಿನ ಪೊರಿ ತಗಿಸಿದ್ನೆಲ್ಲಾ, ಮರುದಿನ ಜ್ವಾಳದ ಡಬ್ಬಿ ತಗದು ನೋಡಿದೆ. ತುಂಬ ಹುಳಾ ಹರಿದಾಡಾಕತ್ತಿದ್ವು. ಅದಕ್ಕೂ ಮೊದಲ ಏಳೆಂಟು ವರ್ಷ ಅದ ಡಬ್ಬಿ ಜ್ವಾಳನ ಹಸನ ಮಾಡೇನಂತ ತಿಳಕೊಂಡು, ಬೀಸಿಸಿ, ಹಿಟ್ಟು ನಿನಗ ಕಳಿಸೇನಿ. ನೀ ಹೇಸ್ಕೋತಿ, ಇನ್ನ ನನ್ನ ಕೈದು ಉಣ್ಣೂದಿಲ್ಲ ಅಂತ ಹೆದರಿ ಸುಮ್ಮನಿದ್ದೆ." ಅವಳ ಕಣ್ಣು ಒದ್ದೆಯಾಗಿತ್ತು, ತುಟಿ ಮಾತ್ರ ನಗು ತಡೆಯಲಾರದೆ ಒದ್ದಾಡುತ್ತಿತ್ತು. "ಅಷ್ಟೂ ವರ್ಷ ನೀ ಫೋನ್ ಮಾಡಿ, ಅವ್ವಾ, ನಿನ್ನ ಹಿಟ್ಟಿನ ರೊಟ್ಟಿ ರುಚೀನ ಬ್ಯಾರೆ ಅಂತಿದ್ದೆಲ್ಲೋ ತಮ್ಮಾ."

ಬಾಗಿಲಲ್ಲಿ ನಿಂತಿದ್ದ ಗಿರಿಜಾ ಈ ಸಲ ನಗಲಿಲ್ಲ. ಅದೇ ರೊಟ್ಟಿ ಅವಳೂ ತಿಂದವಳು.

ಈಗ ಡಬ್ಬಿ ಅವ್ವನ ಕೋಣೆಯ ಕಿಟಕಿಯಲ್ಲಿದೆ. ನನ್ನ ಕೈಯಿಂದ ಆಗುವ ಕೆಲಸ ಇದಲ್ಲ ಎಂದು ಗಜ್ಜರಿ ಹಾಕುವುದನ್ನು ಅವಳೇ ವಹಿಸಿಕೊಂಡಿದ್ದಾಳೆ, ಹುಳುಗಳು ಮೈ ತುಂಬಿಕೊಳ್ಳುತ್ತಿವೆ. ತಾಂಬಾಕ್ಕೆ ಹೋಗುವ ಮಾತೇ ಇಲ್ಲ. ಗಿರಿಜಾ ಮಾತ್ರ ಆ ದಿನದಿಂದ ಜೋಳವನ್ನು ಒಂದೊಂದೇ ಕಾಳು ನೋಡಿ ಬೀಸಿಸುತ್ತಾಳೆ. ರೊಟ್ಟಿ ಬೆಳ್ಳಗೆ, ಮೆತ್ತಗೆ ಇರುತ್ತದೆ. ಅತ್ತೆ ಸೊಸೆ ಇಬ್ಬರೂ ಎದುರಿಗೆ ಕೂತು ಹೇಗಿದೆ ಎಂದು ಕೇಳುತ್ತಾರೆ, ನಾನು ಛಲೋ ಆಗೇತಿ ಎನ್ನುತ್ತೇನೆ. ಆ ಹಳೆಯ ರುಚಿ ಇಲ್ಲ ಎಂದು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.