ಒಲೆಯ ಮೇಲಿನ ಬೆಂಕಿಯಿಲ್ಲದ ಪೆಟ್ಟಿಗೆ

ನಮ್ಮ ರಾಯಚೂರಿನಲ್ಲಿ ಕಾವಿಗೆ ಕೊರತೆಯೆಂಬುದಿಲ್ಲ. ಬೇಸಿಗೆಯ ಮಧ್ಯಾಹ್ನ ಮಾಳಿಗೆಯ ಮೇಲೆ ಹಪ್ಪಳ ಇಟ್ಟರೆ ಸುಟ್ಟೇ ಕೈಗೆ ಬರುತ್ತದೆ ಎನ್ನುವವರಿದ್ದಾರೆ. ನಾನು ಹಪ್ಪಳ ಇಟ್ಟು ನೋಡಿಲ್ಲ, ಬಟ್ಟೆ ಒಣಹಾಕಲು ಬರಿಗಾಲಲ್ಲಿ ಹೋಗಿ ಅಂಗಾಲು ಸುಟ್ಟುಕೊಂಡಿದ್ದೇನೆ. ಇಂಥ ಊರಿನಲ್ಲಿ ಇನ್ನಷ್ಟು ಕಾವು ಬೇಕೆಂದು ಕಡಲಾಚೆಯ ಪೆಟ್ಟಿಗೆಯೊಂದನ್ನು ತಂದು ಒಲೆಯ ಮೇಲೆ ಕೂರಿಸಿದ ಮನುಷ್ಯ ಒಬ್ಬನೇ ಒಬ್ಬ. ಅವನು ನನ್ನ ಸೋದರಮಾವನೇ ಆಗಬೇಕೆ? ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ ಇರಬೇಕೆ? ನನ್ನ ಹಣೆಬರಹ, ಇನ್ನೇನು.

ಮಾವ ದೇವದುರ್ಗದಲ್ಲೂ ಮಾನ್ವಿಯಲ್ಲೂ ಚಿತ್ರಕಲೆಯ ಮಾಸ್ತರನಾಗಿದ್ದು ನಿವೃತ್ತನಾಗಿ ಊರಿಗೆ ಬಂದವನು. ಶಾಲೆ ಅವನನ್ನು ಬಿಟ್ಟಿತು, ಅವನು ಶಾಲೆಯನ್ನು ಬಿಡಲಿಲ್ಲ. ಮನೆಯಲ್ಲಿ ಯಾರಿಗೆ ಏನು ಹೇಳಬೇಕಾದರೂ ಮರದ ಅಳತೆಪಟ್ಟಿ ಹಿಡಿದೇ ಹೇಳುವುದು. ನನ್ನನ್ನು ಕರೆಯುವುದೂ ಅದರಿಂದಲೇ. ನಾನು ಹುಡುಗಿಯರ ಶಾಲೆಯಲ್ಲಿ ಇಡೀ ದಿನ ಗಂಟಲು ಹರಿದುಕೊಂಡು ಬಂದು, ಚಪ್ಪಲಿ ಕಳಚಿ, ಉಸ್ಸೆಂದು ಕೂರುವಷ್ಟರಲ್ಲಿ ಗೋಡೆಯ ಮೇಲೆ ಟಕ್ ಟಕ್ ಶುರು. ಹೋಗದಿದ್ದರೆ ಸುಣ್ಣ ಉದುರುವವರೆಗೂ ಬಡಿಯುತ್ತಾನೆ.

ಇನ್ನು ಅವನ ಉಸಿರು. ಬಳಪದ ಪುಡಿ ಕುಡಿದು ಕುಡಿದು ಮಾವನಿಗೆ ದಮ್ಮು ಹತ್ತಿತ್ತು. ಅವನು ಉಸಿರೆಳೆದರೆ ಕಮ್ಮಾರನ ತಿದಿ ಒತ್ತಿದಂತೆ ಸಪ್ಪಳ. ಅವನು ನಡುಮನೆಯಲ್ಲಿದ್ದಾನೋ ಹಿತ್ತಿಲಲ್ಲಿದ್ದಾನೋ ಎಂದು ಗೋಡೆಯ ಈಚೆಯಿಂದಲೇ ನಾನು ಹೇಳಬಲ್ಲೆ. "ಈ ಸಪ್ಪಳಕ್ಕ ನಮ್ಮ ಮನ್ಯಾಗ ಬೆಕ್ಕು ಸುದ್ದಾ ನಿಲ್ಲಲಿಲ್ಲ ನೋಡವ್ವಾ" ಎಂದು ಅತ್ತೆ ನಗುತ್ತಿದ್ದಳು.

ಅತ್ತೆಯ ವಿಷಯಕ್ಕೆ ಬಂದರೆ ನಗು ನಿಲ್ಲುತ್ತದೆ. ಅವಳ ಕಣ್ಣು ಕೆಲವು ವರ್ಷಗಳಿಂದ ಮಂಜಾಗುತ್ತ ಬಂದು, ಈಗ ಬೆಳಕು ಯಾವ ಕಡೆ ಅನ್ನುವುದಷ್ಟೇ ತಿಳಿಯುತ್ತಿತ್ತು. ಆಪರೇಷನ್ ಮಾಡಿ ಉಪಯೋಗವಿಲ್ಲ ಎಂದಿದ್ದರು ಡಾಕ್ಟರು. ಆದರೂ ಅಡಿಗೆಮನೆ ಬಿಡಲೊಲ್ಲಳು. ಒಂದು ದಿನ ರೊಟ್ಟಿ ಸುಡುವಾಗ ಸೆರಗಿಗೆ ಉರಿ ಹತ್ತಿತು. ಕೂಗಿ ಯಾರನ್ನೂ ಕರೆಯದೆ ತನ್ನ ಕೈಯಿಂದಲೇ ಬಡಿದು ಬಡಿದು ಆರಿಸಿದಳು. ಸೀರೆ ಹೋಯಿತು, ಜೀವ ಉಳಿಯಿತು, ಎರಡೂ ಕೈಯ ಬೆರಳು ಬೊಬ್ಬೆ ಬಂದು ಎಷ್ಟೋ ದಿನ ಬಟ್ಟೆ ಸುತ್ತಿಕೊಂಡಿದ್ದಳು.

ಮಾನ್ವಿಗೆ ಕೊಟ್ಟ ಮಗಳು ಸುದ್ದಿ ಕೇಳಿ ಓಡಿ ಬಂದಳು. ಅಳುವುದನ್ನೆಲ್ಲ ಅತ್ತು ಮುಗಿಸಿ ತೀರ್ಪು ಕೊಟ್ಟಳು: "ಯವ್ವಾ, ಪಂಚಮಿಗೆ ಬರ್ತೀನಿ. ಆಗೂ ನೀ ಒಲಿ ಮುಂದ ಕಂಡ್ರ ನಿನ್ನ ನಮ್ಮ ಮನಿಗೆ ಕರ್ಕೊಂಡು ಹೋಗಾಕಿ. ಅಲ್ಲಿ ಕುಂತಲ್ಲೇ ನಿನಗ ಊಟ. ಅಪ್ಪಗ ಖಾನಾವಳಿ ಅದ."

ಮಗಳು ಹೋದ ಮೇಲೆ ಅತ್ತೆ ನನ್ನ ಹತ್ತಿರ ಅಂದಳು, "ಕುಂತಲ್ಲೇ ಊಟ ಅಂದ್ರ ಅದೆಂಥಾ ಬಾಳೇವವ್ವಾ? ಒಂದು ಕಪ್ ಚಾ ಸುದ್ದಾ ನನ್ನ ಕೈಲೆ ಮಾಡಾಕ ಆಗಲಿಲ್ಲಂದ್ರ ನಾ ಯಾಕಿರಬೇಕು?" ಮಾವ ಆಚೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಕೇಳಿಸಿಕೊಳ್ಳುತ್ತಿದ್ದಾನೆಂದು ನಮಗೆ ಹೇಗೆ ಗೊತ್ತಾಯಿತು? ಉಸಿರಿನ ಸಪ್ಪಳ ನಿಂತಿತ್ತು. ಏನಾದರೂ ಎದೆಗೆ ತಾಗಿದರೆ ಮಾವ ಉಸಿರು ಹಿಡಿಯುತ್ತಾನೆ, ನಾನು ಚಿಕ್ಕವಳಿದ್ದಾಗಿನಿಂದಲೂ ಹಾಗೇ.

ಮಾವನ ತಲೆ ಓಡತೊಡಗಿದ್ದು ಆಮೇಲೆ. ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಎದುರು ಮನೆಯ ಹೆಂಗಸಿನ ಮಗ ಕೊಲ್ಲಿಯ ದೇಶದಲ್ಲಿ ದುಡಿಯುತ್ತಿದ್ದ. ರಜೆಗೆ ಬಂದಾಗ ತಾಯಿಗೆಂದು ಒಂದು ಮೈಕ್ರೋವೇವ್ ಒಲೆ ತಂದಿದ್ದ. ಟಿ.ವಿ.ಯೇ ಓಣಿಗೆ ಹೊಸದಾಗಿದ್ದ ಕಾಲ. ಬೆಂಕಿಯಿಲ್ಲದೆ ಅನ್ನ ಬೇಯುತ್ತದೆ ಅಂದರೆ ಯಾರು ನಂಬಬೇಕು? ಖಾಲಾ ನಂಬಿದಳು, ನಂಬಿ ಹೆದರಿದಳು. ಅದರ ಮೇಲೆ ಕಸೂತಿಯ ಬಟ್ಟೆ ಹೊದಿಸಿ ಮೂಲೆಗಿಟ್ಟಿದ್ದಳು. ಮಾವ ಹೋಗಿ ವಿಚಾರಿಸಿದ್ದೇ ತಡ, "ತಗೊಂಡು ಹೋಗ್ರಿ ಮಾಸ್ಟರ್ ಸಾಬ್, ನಮಗ ನಕ್ಕೋ. ಉರಿ ಕಾಣಂಗಿಲ್ಲ, ಹೊಗಿ ಬರಂಗಿಲ್ಲ, ಒಳಗ ಯಾರು ಕುಂತು ಅಡಗಿ ಮಾಡ್ತಾರೋ ಏನೋ" ಎಂದು ಕೈಮುಗಿದು ಕೊಟ್ಟೇಬಿಟ್ಟಳು. ಬದಲಿಗೆ ಮೊಮ್ಮಕ್ಕಳಿಗೆ ಚಿತ್ರ ಬರೆಯಲು ಕಲಿಸುವುದೆಂದು ಮಾತಾಯಿತು. ಆ ಮಕ್ಕಳು ಇವತ್ತಿಗೂ ಆನೆಯನ್ನು ಅಳತೆಪಟ್ಟಿಯಿಂದಲೇ ಬರೆಯುತ್ತಾರೆ.

ಪೆಟ್ಟಿಗೆ ಬಂತು. ಎಲ್ಲಿಡುವುದು? ಟಕ್ ಟಕ್. ಹೋದೆ. ಮಾವ ಗ್ಯಾಸಿನ ಒಲೆಯ ನೆತ್ತಿಯ ಮೇಲಿದ್ದ ಕಲ್ಲಿನ ಹಲಗೆಯನ್ನು ತೋರಿಸಿ, "ಇಲ್ಲೇ" ಅಂದ.

"ಮಾವಾ, ಮನಿಯಾಗ ಮತ್ತೆಲ್ಲೂ ಜಾಗ ಇಲ್ಲೇನು? ಒಲಿ ಮ್ಯಾಲ ಒಲಿ ಯಾರರೆ ಇಡ್ತಾರ?"

"ಉಪ್ಪು, ಬೆಲ್ಲ, ಚಾಪುಡಿ ಇಷ್ಟು ವರ್ಷ ಎಲ್ಲಿದ್ವು? ಇದೇ ಹಲಗಿ ಮ್ಯಾಲ. ನಿಮ್ಮತ್ತಿ ಕೈ ಕಣ್ಣಿಲ್ದ ಹೋಗೋ ಜಾಗ ಈ ಮನ್ಯಾಗ ಇದೊಂದ ಅದ."

ಉತ್ತರ ಬಾಯಿ ಮುಚ್ಚಿಸುವಂಥದ್ದೇ. ಆದರೂ ನಾನು ಬಿಡಲಿಲ್ಲ. ಕುದಿಯುವ ಪಾತ್ರೆಯನ್ನು ತಲೆಯ ಮೇಲಿನಿಂದ ಇಳಿಸಿದರೆ ಮುಖ ಸುಡುವುದಿಲ್ಲವೇ? ಕೆಳಗೆ ಉರಿಯುತ್ತಿರುವಾಗ ಮೇಲೆ ಕೈ ಚಾಚಿದರೆ ಮತ್ತೆ ಸೆರಗು ಹತ್ತುವುದಿಲ್ಲವೇ? ಮಾವ ಯೋಚಿಸಿದ. ಮರುದಿನ ಗಾರೆ ಕೆಲಸದ ಗೌಂಡಿಯನ್ನು ಕರೆಸಿ, ಅತ್ತೆಯನ್ನು ಒಲೆಯ ಮುಂದೆ ನಿಲ್ಲಿಸಿ, ಬಾಗಿಲ ಚೌಕಟ್ಟಿಗೆ ಅಳತೆ ತೆಗೆಯುವಂತೆ ಅಳತೆ ತೆಗೆದು, ಹಲಗೆಯನ್ನು ಅವಳ ಎದೆಯ ಮಟ್ಟಕ್ಕೆ ಇಳಿಸಿದ. ಈಗ ಒಲೆಗೂ ಹಲಗೆಗೂ ನಡುವೆ ರೊಟ್ಟಿ ಹಂಚು ಬಿಟ್ಟು ಬೇರೆ ಪಾತ್ರೆ ಹಿಡಿಸದಂತಾಯಿತು. ಕೆಳಗಿನ ಉರಿಗೆ ಪರಿಹಾರ ಇನ್ನೂ ಸರಳ. ಮನೆಯಿಂದ ಹೊರಡುವಾಗ ಗ್ಯಾಸಿನ ರೆಗ್ಯುಲೇಟರನ್ನೇ ಕಿತ್ತು ಚೀಲಕ್ಕೆ ಹಾಕಿಕೊಂಡು ಪೇಟೆಗೆ ಹೋಗುತ್ತಿದ್ದ. ಮನೆಗೆ ಬಂದ ನೆಂಟರು ಚಹಾಕ್ಕಾಗಿ ಕಾದು ಕಾದು, ರೆಗ್ಯುಲೇಟರು ಕಾಯಿಪಲ್ಲೆ ಕೊಂಡು ಬರುವಷ್ಟರಲ್ಲಿ ಎದ್ದು ಹೋದದ್ದೂ ಉಂಟು.

ಆಮೇಲೆ ಪಾಠ. ಮಾವ ಕಾನೂನುಗಳನ್ನು ಬಾಯಿಪಾಠ ಮಾಡಿಸಿದ. ಅತ್ತೆ ಗೋಡೆಗೆ ಒರಗಿ ಕೂತು ಒಪ್ಪಿಸಬೇಕು. ಅವಳ ಜೊತೆಗೆ ನಾನೂ. ಪಾಠ ಹೇಳಿ ಬಂದವಳಿಗೆ ಪಾಠ ಒಪ್ಪಿಸುವ ಶಿಕ್ಷೆ!

"ಸ್ಟೀಲು?"

"ಇಡಂಗಿಲ್ಲ."

"ಖಾಲಿ ಪೆಟಗಿ?"

"ತಿರುವಂಗಿಲ್ಲ."

"ಬಿಗಿ ಮುಚ್ಚಳಾ?"

"ಹಾಕಂಗಿಲ್ಲ, ಸಿಡಿತದ."

"ಗಂಟಿ ಹೊಡದ ಮ್ಯಾಲ?"

"ಸುಮ್ನ ನಿಂದ್ರೋದು, ಆಮ್ಯಾಲ ಒಣಾ ಅರಬಿಲೆ ಹಿಡಿಯೋದು. ಹಸಿ ಅರಬಿ ಹಿಡದ್ರ ಕೈ ಬೇಯ್ತದ."

"ಶಾಬಾಸ್. ಕುಂದ್ರು."

"ಕುಂತೀನ್ರಿ ಮೊದಲಿಂದ" ಅನ್ನುತ್ತಿದ್ದಳು ಅತ್ತೆ.

ಸ್ಟೀಲು ಇಡುವಂತಿಲ್ಲ ಅನ್ನುವುದೇನೋ ಸರಿ. ಆದರೆ ಆ ಮನೆಯಲ್ಲಿ ಸ್ಟೀಲಲ್ಲದ್ದು ಏನಿತ್ತು? ಮದುವೆಯಲ್ಲಿ ಬಂದ ತಾಟು, ಲೋಟ, ಡಬ್ಬಿ ಎಲ್ಲದರ ಮೇಲೂ ಕೊಟ್ಟವರ ಹೆಸರು ಕೊರೆದ ಸ್ಟೀಲೇ. ಓಣಿಯ ಜನರನ್ನೆಲ್ಲ ಕರೆದು ಮೊದಲ ಪ್ರದರ್ಶನ ಮಾಡುವ ದಿನ ಮಾವ ಖಾಲಾನ ಮನೆಯಿಂದ ಅವಳ ಅತ್ಯುತ್ತಮ ಚೀನಿ ಕಪ್ಪು ಕೇಳಿ ತಂದ. ಸುರಕ್ಷತೆಯ ಮೇಲೆ ಭಾಷಣ ಮಾಡಿ, ಹಾಲು ಸುರಿದು, ಒಳಗಿಟ್ಟು, ತಿರುಪು ತಿರುವಿದ. ಕಪ್ಪಿನ ಬಾಯಿಗೆ ಸುತ್ತಲೂ ಬಂಗಾರದ ಗೆರೆ ಇತ್ತು. ಲೋಹವೆಂಬುದು ಪಾತ್ರೆಯಾಗಿಯೇ ಇರಬೇಕೆಂದೇನೂ ಇಲ್ಲವಲ್ಲ? ಒಳಗೆ ಚಟಚಟನೆ ಕಿಡಿ ಹಾರಿ ದೀಪಾವಳಿಯೇ ಆಯಿತು. ಜನ ಬಾಗಿಲಿಗೆ ಓಡಿದರು. ಮಾವ ತಿರುಪನ್ನು ಹಿಂದಕ್ಕೆ ತಿರುವಿ, ಬೆವರು ಒರೆಸಿಕೊಂಡು, "ಇದನ್ನ ಮಾಡಬಾರ್ದು ಅಂತ ತೋರಸಾಕ ಮಾಡಿದ್ದು. ಎಲ್ಲಾರಿಗೂ ತಿಳೀತಲ್ಲ?" ಅಂದ. ಗೆರೆ ಕಪ್ಪಗಾದ ಕಪ್ಪನ್ನು ಹಿಡಿದು ಖಾಲಾ ಮನೆಗೆ ಹೋದಳು.

ನಂತರದ ತೊಡಕು ತಿರುಪಿನದು. ಅದರ ಮುಳ್ಳು ಎಲ್ಲಿಗೆ ಬಂದರೆ ಎಷ್ಟು ಹೊತ್ತು ಅನ್ನುವುದು ಸುತ್ತಲೂ ಅಂಕಿಯಲ್ಲಿ ಬರೆದಿತ್ತು. ಕಣ್ಣಿಲ್ಲದವಳಿಗೆ ಅಂಕಿ ಏನು ಮಾಡೀತು? ಮಾವನ ಮೂವತ್ತು ವರ್ಷದ ಕರಕುಶಲ ಕಲೆ ಇಲ್ಲಿ ಕೆಲಸಕ್ಕೆ ಬಂತು. ಮೈದಾಹಿಟ್ಟು ಕುದಿಸಿ ಅಂಟು ಮಾಡಿ, ಅಂಕಿಗಳ ಮೇಲೆ ಕಾಳು ಅಂಟಿಸಿದ. ಚಹಾ ಆಗುವಲ್ಲಿ ಜೋಳ, ಉಪ್ಪಿಟ್ಟು ಆಗುವಲ್ಲಿ ತೊಗರಿ, ಅನ್ನ ಆಗುವಲ್ಲಿ ಕಡಲೆ. "ಜೀವಮಾನ ಪೂರ್ತಿ ಕಾಳು ಆರಿಸಿದ ಕೈ. ಮುಟ್ಟಿದ್ರ ತಿಳೀತದ" ಅಂದ. ಅತ್ತೆ ಬೆರಳಾಡಿಸಿ, "ಹೌದ್ರಿ, ತಿಳೀತದ. ಛಲೋ ಆತು" ಅಂದಳು. ಮಾವನ ಮುಖ ನೋಡಬೇಕಿತ್ತು.

ಪರದೇಶದ ಯಂತ್ರಕ್ಕೆ ಮೈದಾ ಬಳಿದು ಕಾಳು ಅಂಟಿಸಿ ಅಡಿಗೆಮನೆಯಲ್ಲಿಟ್ಟರೆ ಇಲಿ ಬಿಡುತ್ತದೆಯೇ? ಮಾವ ಪೆನ್ಶನ್ನಿನ ಕೆಲಸಕ್ಕೆ ದೇವದುರ್ಗಕ್ಕೆ ಹೋದ ದಿನ ಅತ್ತೆ ಅನ್ನಕ್ಕಿಟ್ಟಳು. ನಾನು ಶಾಲೆಯಿಂದ ಬಂದು ನೋಡಿದರೆ ಓಣಿ ತುಂಬ ಸೀದ ವಾಸನೆ, ಮಾವ ಪೇಟೆಯಿಂದ ತಂದಿದ್ದ ಗಾಜಿನ ಬಟ್ಟಲಲ್ಲಿ ಇದ್ದಿಲು. ಸಂಜೆ ಮಾವ ಬಂದು ತನಿಖೆ ಮಾಡಿದ. ಕಡಲೆಕಾಳು ಮಾಯವಾಗಿತ್ತು, ಪಕ್ಕದಲ್ಲಿ ಇಲಿ ಹಿಕ್ಕೆ. "ಕಳ್ಳ ಸಿಕ್ಕ" ಎಂದು ಘೋಷಿಸಿ, ಹೊಸ ಕಡಲೆ ಅಂಟಿಸಿ, ಅಂಟಿಗೆ ಬೇವಿನೆಣ್ಣೆ ಬೆರೆಸಿದ. ಅಡಿಗೆಮನೆ ಔಷಧದಂಗಡಿಯಂತೆ ನಾರತೊಡಗಿತು. ಅಷ್ಟಕ್ಕೇ ಬಿಟ್ಟನೇ? ಮೊದಲು ಅತ್ತೆಯ ಹಿಂದೆ ಸುಳಿದಾಡುತ್ತಿದ್ದವನು ಅಂದಿನಿಂದ ಅವಳು ಒಳಗೆ ಹೋದಾಗಲೆಲ್ಲ ಇಲಿ ಕಾಯುವ ನೆಪದಲ್ಲಿ ಅಳತೆಪಟ್ಟಿ ಹಿಡಿದು ಅಡಿಗೆಮನೆಯ ಬಾಗಿಲಲ್ಲೇ ನಿಂತ. ಅತ್ತೆ ಕುಳ್ಳಿ. ಅವಳ ಭುಜದ ಮೇಲಿಂದ ಆ ಪೆಟ್ಟಿಗೆಯ ಮುಖ ಬಾಗಿಲಿಗೆ ಚೆನ್ನಾಗಿ ಕಾಣುತ್ತಿತ್ತು. ಊರು ಬಿಡುವುದನ್ನಂತೂ ನಿಲ್ಲಿಸಿಯೇಬಿಟ್ಟ.

ಪಂಚಮಿ ಬಂತು, ಮಗಳೂ ಬಂದಳು. ಉಂಡಿ ಚೀಲ ಕೆಳಗಿಟ್ಟವಳೇ ಅಡಿಗೆಮನೆಗೆ ನುಗ್ಗಿ, ಹಲಗೆ, ಪೆಟ್ಟಿಗೆ, ಕಾಳು ಎಲ್ಲವನ್ನೂ ನೋಡಿ ಹಣೆ ಚಚ್ಚಿಕೊಂಡಳು. "ಅಪ್ಪಗಂತೂ ತಲಿ ಕೆಟ್ಟದ. ನೀನೂ ಹೂಂ ಅಂದಿ?" ಎಂದು ನನ್ನ ಮೇಲೆ ಹರಿಹಾಯ್ದಳು. ನನಗೆ ವಾದ ಮಾಡುವ ತ್ರಾಣ ಎಲ್ಲಿತ್ತು?

ಅತ್ತೆ ಮಾತ್ರ ಶಾಂತವಾಗಿ, "ನೀ ಕುಂದ್ರು, ಚಾ ಮಾಡ್ತೀನಿ" ಅಂದಳು.

ವೋಲ್ಟೇಜು ಕೈಕೊಡದಿರಲೆಂದು ನಾನು ಬಲ್ಬನ್ನು ನೋಡುತ್ತ ನಿಂತೆ. ಮಗಳು ಕಟ್ಟೆಯ ಪಕ್ಕ, ಮಾವ ಬಾಗಿಲಲ್ಲಿ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಗಿಸಿ, ಗಾಜಿನ ಬಟ್ಟಲಿಗೆ ನೀರು, ಹಾಲು, ಪುಡಿ, ಸಕ್ಕರೆ ಹಾಕಿ ಒಳಗಿಟ್ಟಳು. ತಿರುಪಿನ ಸುತ್ತ ಬೆರಳಾಡಿಸಿ, ತಿರುವಿ, ನಿಲ್ಲಿಸಿದಳು. ಪೆಟ್ಟಿಗೆ ಗುಂಯ್ ಅಂದಿತು. ಗಂಟೆ ಹೊಡೆಯಿತು. ಕಾನೂನಿನಂತೆ ಸುಮ್ಮನೆ ನಿಂತಳು. ಒಣ ಬಟ್ಟೆಯಿಂದ ಬಟ್ಟಲು ಇಳಿಸಿ, ಸೋಸಿ, ಮಗಳ ಕೈಗೆ ಕೊಟ್ಟಳು. ಒಂದು ಹನಿ ಚೆಲ್ಲಲಿಲ್ಲ.

ಮಗಳು ಗುಟುಕು ಗುಟುಕಾಗಿ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟಳು. ಆಮೇಲೆ, "ಸಕ್ರಿ ಜಾಸ್ತಿ ಆಗ್ಯಾದ" ಅಂದಳು. ಅಂದು ಅತ್ತಳು. ಮಾನ್ವಿಯ ಮಾತು ಮತ್ತೆ ಎತ್ತಲಿಲ್ಲ.

ಮಾವ ಅವಳನ್ನು ನಡುಮನೆಗೆ ಕರೆದುಕೊಂಡು ಹೋಗಿ ಕಾಳಿನ ಶಾಸ್ತ್ರವನ್ನು ಮೊದಲಿಂದ ವಿವರಿಸತೊಡಗಿದ. ನಾನು ಕಪ್ಪು ತೊಳೆಯುತ್ತ ಅತ್ತೆಗೆ ಅಂದೆ, "ಏನರೆ ಅನ್ನು ಅತ್ತಿ, ಮಾವನ ಕಾಳು ಗೆದ್ದುವು."

ಅತ್ತೆ ತನ್ನ ಕೈಗಳನ್ನು ನನ್ನ ಕಡೆ ಚಾಚಿದಳು. ಬೆರಳ ತುದಿಗಳು ನುಣ್ಣಗೆ, ಬಿಳಿಚಿಕೊಂಡು, ಗೆರೆಗಳೇ ಇಲ್ಲದೆ ಇದ್ದವು.

"ಆ ಬೆಂಕಿ ಆದಾಗಿಂದ ಇವಕ್ಕ ಏನೂ ತಿಳಿಯಂಗಿಲ್ಲವ್ವಾ. ಜೋಳಾನೂ ಅಷ್ಟ, ಕಡ್ಲಿನೂ ಅಷ್ಟ."

"ಮತ್ತ ಅಷ್ಟು ಸರಿ ಹೆಂಗ ತಿರುವಿದಿ?"

"ನಿಮ್ಮ ಮಾವ ಬಾಗಲದಾಗ ನಿಂತಿರ್ತಾರಲ್ಲ. ನಾ ತಿರುವಾಕ ಹತ್ತಿದ ಕೂಡ್ಲೆ ಉಸಿರು ಹಿಡಿತಾರ. ಮುಳ್ಳು ಸರಿ ಜಾಗಕ್ಕ ಬಂತಂದ್ರ ಬಿಡ್ತಾರ. ಅಲ್ಲಿಗೆ ನಿಂದರಸ್ತೀನಿ."

ನಾನು ಕಪ್ಪು ಕೆಳಗಿಟ್ಟು ಖಾಲಿ ಬಾಗಿಲ ಕಡೆ ನೋಡಿದೆ.

"ಅವತ್ತು ಅನ್ನ ಸೀದದ್ದು ಪಾಪ ಇಲಿ ತಪ್ಪಲ್ಲ" ಅಂದಳು ಅತ್ತೆ ಮೆಲ್ಲಗೆ. "ಅವರು ದೇವದುರ್ಗಕ್ಕ ಹೋಗಿದ್ರು. ಹೇಳಬ್ಯಾಡ ಮತ್ತ. ಅಷ್ಟು ಆಸ್ಥಾಲೆ ಕಾಳು ಹಚ್ಯಾರ."

ನಡುಮನೆಯಿಂದ ಮಾವ ಕೂಗಿದ: "ನಮಗೂ ಒಂದೊಂದು ಕಪ್ ಚಾ ಆಗಲಿ." ಅವನ ಚಪ್ಪಲಿಯ ಸಪ್ಪಳ, ಅದರ ಹಿಂದೆ ತಿದಿಯ ಸಪ್ಪಳ ಬಂದು ಬಾಗಿಲಲ್ಲಿ ನಿಂತವು. ಅತ್ತೆ ಬಟ್ಟಲು ಒಳಗಿಟ್ಟು, ಕಾಳುಗಳ ಮೇಲೆ ಬೆರಳಾಡಿಸುವ ಆಟ ಆಡಿ, ತಿರುಪಿಗೆ ಕೈ ಹಚ್ಚಿದಳು. ಮನೆ ನಿಶ್ಶಬ್ದವಾಯಿತು. ನನ್ನ ಕಣ್ಣು ತುಂಬಿ ಮುಳ್ಳು ನನಗೂ ಕಾಣಲಿಲ್ಲ. ಬಾಗಿಲ ಕಡೆಯಿಂದ ಮಾವ ಉಸಿರು ಬಿಟ್ಟದ್ದು ಕೇಳಿಸಿತು. ಅತ್ತೆಯ ಕೈ ನಿಂತಿತು.